ಇಪ್ಪತ್ತೆರಡು ಯೂನಿಟ್ಟಿನ ಶನಿವಾರ

ಸ್ವಿಚ್ಚಪ್ಪನಿಗೆ ಕಡಿಮೆ ಬಿದ್ದದ್ದು ಬರೀ ಇಪ್ಪತ್ತೆರಡು ಯೂನಿಟ್ ಕರೆಂಟು.

ಅವನ ನಿಜವಾದ ಹೆಸರು ಗುರುತಿನ ಚೀಟಿಯಲ್ಲಿ ಭದ್ರವಾಗಿತ್ತು. ಬೀದಿಯಲ್ಲಿ ಯಾರೂ ಅದನ್ನು ಬಳಸಿ ಸವೆಸಿರಲಿಲ್ಲ. ಯಾರ ಮನೆಗೆ ಹೋದರೂ ಹೊರಡುವಾಗ ಅವರ ಮನೆಯ ದೀಪ ಆರಿಸಿ ಬರುವ ಮನುಷ್ಯನಿಗೆ ಇನ್ನೇನು ಹೆಸರಿಡುತ್ತಾರೆ? ಒಮ್ಮೆ ಸಾವಿನ ಮನೆಗೆ ಹೋದಾಗ, ಮಲಗಿಸಿದ್ದವರ ಮೇಲೆ ತಿರುಗುತ್ತಿದ್ದ ಫ್ಯಾನನ್ನು ಆರಿಸಿ, "ಇನ್ನು ಅವರಿಗೆ ಬೇಕಾಗಲ್ಲ" ಅಂದಿದ್ದನಂತೆ. ಅದು ಸುಳ್ಳು ಎಂದು ಅವನು ವಾದಿಸುತ್ತಿದ್ದ. ಆರಿಸಿದ್ದು ಫ್ಯಾನಲ್ಲ, ಪಕ್ಕದ ಕೋಣೆಯ ದೀಪ.

ಆ ಶನಿವಾರ ಬೆಳಿಗ್ಗೆ ಸೌರ ಸಹಾಯಧನದ ಕಚೇರಿಯ ಬಾಗಿಲು ತೆಗೆಯುವ ಮೊದಲೇ ಅವನು ಮೊದಲನೇ ಕಿಟಕಿಯ ಮುಂದೆ ನಿಂತಿದ್ದ. ಮನೆಯ ಮೇಲೆ ಪ್ಯಾನೆಲ್ ಕೂರಿಸಿ ನಲವತ್ತು ದಿನವಾಗಿತ್ತು. ಮೂವತ್ತು ದಿನದಲ್ಲಿ ಬರಬೇಕಾಗಿದ್ದ ಹಣ ಬಂದಿರಲಿಲ್ಲ. ಕಿಟಕಿಯ ಹಿಂದಿನ ಗುಮಾಸ್ತೆ ಅರ್ಜಿಯನ್ನು ತಿರುವಿಹಾಕಿ ಸಂತೋಷಪಟ್ಟಳು.

"ಎಷ್ಟು ಚೆನ್ನಾಗಿ ತುಂಬಿದ್ದೀರಾ ಸರ್! ಒಂದು ಕಾಗದನೂ ಕಡಿಮೆಯಿಲ್ಲ. ಎಲ್ಲಾ ಸರಿಯಾಗಿದೆ."

"ಹಾಗಾದ್ರೆ ಹಣ?"

"ಹಣ ಬರಲ್ಲ."

"ಎಲ್ಲಾ ಸರಿಯಿದ್ರೆ ಯಾಕಮ್ಮ ಬರಲ್ಲ?"

"ವರ್ಷಕ್ಕೆ ಕನಿಷ್ಠ ಆರುನೂರು ಯೂನಿಟ್ ಬಳಸೋ ಮನೆಗೆ ಮಾತ್ರ ಸರ್. ನಿಮ್ಮದು ನಿನ್ನೆವರೆಗೆ ಐನೂರ ಎಪ್ಪತ್ತೆಂಟು."

ಸ್ವಿಚ್ಚಪ್ಪ ಕಿಟಕಿಯ ಕಂಬಿ ಹಿಡಿದುಕೊಂಡ. "ಅಂದ್ರೆ... ನಾನು ಉಳಿಸಿದ್ದು ತಪ್ಪಾ?"

"ತಪ್ಪು ಅಂತ ಎಲ್ಲೂ ಬರೆದಿಲ್ಲ. ಬರೀ ಅನರ್ಹ ಅಂತಿದೆ."

"ಕರೆಂಟ್ ಉಳಿಸೋರಿಗೆ ಅಂತಾನೇ ಅಲ್ವೇನಮ್ಮ ಈ ಯೋಜನೆ?"

"ಉಳಿಸ್ಬೇಕು ಅಂದ್ರೆ ಮೊದಲು ಖರ್ಚು ಮಾಡ್ತಿರ್ಬೇಕಲ್ಲ ಸರ್? ಖರ್ಚೇ ಮಾಡದೋರು ಏನನ್ನ ಉಳಿಸ್ತಾರೆ?" ಆಕೆ ಕರುಣೆಯಿಂದಲೇ ಕೇಳಿದಳು. ಅವಳ ತಲೆಯ ಮೇಲೆ, ಬೆಳಕು ಸುರಿಯುತ್ತಿದ್ದ ಕಿಟಕಿಯ ಪಕ್ಕದಲ್ಲೇ, ನಾಲ್ಕು ಟ್ಯೂಬ್‌ಲೈಟು ಉರಿಯುತ್ತಿದ್ದವು. ಯಾರೂ ಕೂರದ ಎರಡು ಕುರ್ಚಿಗಳಿಗೆ ಒಂದು ಫ್ಯಾನು ಗಾಳಿ ಬೀಸುತ್ತಿತ್ತು. ಸ್ವಿಚ್ಚಪ್ಪನ ಬಲಗೈ ಬೆರಳುಗಳು ತಾವಾಗಿಯೇ ಮಿಸುಕಾಡಿದವು.

"ಇವತ್ತು ವರ್ಷದ ಕೊನೇ ಲೆಕ್ಕ," ಗುಮಾಸ್ತೆ ದನಿ ತಗ್ಗಿಸಿದಳು. "ಐದು ಗಂಟೆಗೆ ಮುಂಚೆ ನಿಮ್ಮ ಬೀದಿಗೆ ಮೀಟರಿನವನು ಬರ್ತಾನೆ. ಅವನ ಯಂತ್ರ ಆರುನೂರು ಅಂದ್ರೆ ಸೋಮವಾರ ಬೆಳಿಗ್ಗೆ ಹತ್ತಕ್ಕೆ ನಿಮ್ಮ ಖಾತೆಗೆ ಹಣ. ಇನ್ನು ಇಪ್ಪತ್ತೆರಡು ತಾನೇ? ಸುಟ್ಬಿಡಿ."

"ಒಂದೇ ದಿನದಲ್ಲಿ?"

"ಕೆಲವರ ಮನೇಲಿ ಮಧ್ಯಾಹ್ನದೊಳಗೇ ಆಗುತ್ತೆ ಸರ್," ಅಂದಳು ಆಕೆ. "ದೊಡ್ಡವರು. ಅವರಿಗೆಲ್ಲ ಹಣ ಆಗಲೇ ಹೋಯ್ತು."

ಸೋಮವಾರ ಹತ್ತು ಗಂಟೆ. ಆ ಮಾತು ಕಿವಿಗೆ ಬಿದ್ದದ್ದೇ ಸ್ವಿಚ್ಚಪ್ಪ ಮನೆಯ ಕಡೆ ಬಿರಬಿರನೆ ಹೆಜ್ಜೆ ಹಾಕಿದ. ಯಾಕೆಂದರೆ ಸೋಮವಾರ ಹನ್ನೊಂದು ಗಂಟೆಗೆ ಮಗಳ ಕಾಲೇಜಿನಲ್ಲಿ ಹಣ ಕಟ್ಟಬೇಕಿತ್ತು. ರಕ್ತ ಪರೀಕ್ಷೆ ಮಾಡುವ ತಂತ್ರಜ್ಞರ ಕೋರ್ಸು. ನಾನೂರು ಜನ ಅರ್ಜಿ ಹಾಕಿದ್ದರಲ್ಲಿ ಇಪ್ಪತ್ತು ಸೀಟು, ಅದರಲ್ಲಿ ಒಂದು ಅವಳದ್ದು. ಹನ್ನೊಂದೂಕಾಲಿನೊಳಗೆ ಕಟ್ಟದವರ ಸೀಟು ಇಪ್ಪತ್ತೊಂದನೆಯವರಿಗೆ. ಆ ಹಣ ಬ್ಯಾಂಕಿನಲ್ಲಿ ಭದ್ರವಾಗಿದೆ ಎಂದು ಮನೆಯವರು ನಂಬಿದ್ದರು. ಅದು ಮನೆಯ ಮೇಲೆ, ಬಿಸಿಲಿಗೆ ಬೆನ್ನೊಡ್ಡಿ ಮಲಗಿತ್ತು.

ಅವನೇನು ಜೂಜಾಡಿದವನಲ್ಲ. ಲಾರಿಗಳ ತೂಕ ಹಾಕುವ ಕಟ್ಟೆಯಲ್ಲಿ ಹತ್ತೊಂಬತ್ತು ವರ್ಷದಿಂದ ಗುಮಾಸ್ತನಾಗಿದ್ದವನು. ತುಂಬಿದ ಲಾರಿಯ ತೂಕದಲ್ಲಿ ಖಾಲಿ ಲಾರಿಯ ತೂಕ ಕಳೆದು, ಸರಕಿನ ತೂಕವನ್ನು ಕೆ.ಜಿ. ತಪ್ಪದಂತೆ ಬರೆಯುವವನು. ಸಹಾಯಧನ ಬರಲು ಮೂವತ್ತು ದಿನ, ಮಗಳ ಹಣ ಕಟ್ಟಲು ನಲವತ್ತೆರಡು ದಿನ ಎಂದು ಲೆಕ್ಕ ಹಾಕಿಯೇ ಆ ಹಣ ಮುಟ್ಟಿದ್ದ. ಅಷ್ಟೂ ದಿನ ಹಣವನ್ನು ಬ್ಯಾಂಕಿನಲ್ಲಿ ಸುಮ್ಮನೆ ಕೂರಿಸುವುದೆಂದರೆ ಅವನ ಪಾಲಿಗೆ ಖಾಲಿ ಕೋಣೆಯಲ್ಲಿ ದೀಪ ಉರಿಸಿದ ಹಾಗೆ. ಹೆಂಡತಿಗೆ ಹೇಳಿರಲಿಲ್ಲ. ಹೇಳಿದ್ದರೆ ಅವಳು ಬೇಡ ಅನ್ನುತ್ತಿದ್ದಳು, ಮತ್ತು ಅವಳು ಹೇಳಿದ್ದು ಸರಿಯಾಗಿರುತ್ತಿತ್ತು. ಅದನ್ನು ತಪ್ಪಿಸಲಿಕ್ಕೇ ಹೇಳಿರಲಿಲ್ಲ.

ಮನೆಗೆ ಬಂದವನು ಚಪ್ಪಲಿಯನ್ನೂ ಬಿಡದೆ ಹೇಳಿದ: "ಎಲ್ಲಾ ಹಾಕು."

"ಏನನ್ನ?" ಹೆಂಡತಿ ಕೇಳಿದಳು.

"ಎಲ್ಲಾ. ದೀಪ, ಫ್ಯಾನು, ಎಲ್ಲಾ. ಎಲ್ಲಾ ಕೋಣೇಲೂ."

ಆಕೆ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಬಂದು ಅವನ ಹಣೆ ಮುಟ್ಟಿ ನೋಡಿದಳು. "ಜ್ವರ ಇಲ್ವಲ್ಲ!"

ಅವನು ವಿಷಯ ಹೇಳಿದ. ಮಗಳ ಹಣದ ವಿಷಯ ಬಿಟ್ಟು. ಆಕೆ ಪೂರ್ತಿ ಕೇಳಿದಳು. ಆಮೇಲೆ ಅಡುಗೆಮನೆಯ ಮಣೆಯ ಮೇಲೆ ಕೂತು, ನಗುತ್ತಾಳೋ ಅಳುತ್ತಾಳೋ ಗೊತ್ತಾಗದ ಹಾಗೆ ಬಾಯಿಗೆ ಸೆರಗು ಒತ್ತಿಕೊಂಡಳು.

"ಹೋದ ತಿಂಗಳು ನಾನು ಸ್ನಾನದ ಮನೇಲಿರೋವಾಗ್ಲೇ ದೀಪ ಆರಿಸಿದ್ರಿ. ಕಣ್ಣಲ್ಲಿ ಸೋಪು ಇಟ್ಕೊಂಡು ಗೋಡೆ ತಡಕಾಡ್ದೆ. ನಮ್ಮಕ್ಕ ಬಂದಾಗ ಫ್ಯಾನು ಸಣ್ಣ ಮಾಡಿ ಮಾಡಿ ಅವಳು ಮೂರು ದಿನಕ್ಕೇ ಹೊರಟ್ಳು. ಹನ್ನೆರಡು ತಿಂಗಳು ಕತ್ತಲಲ್ಲಿ ಪಾತ್ರೆ ತೊಳೆದಿದ್ದೀನಿ ಕಣ್ರೀ. ಈಗ ಆ ಕತ್ತಲೆ ಜಾಸ್ತಿಯಾಯ್ತು ಅಂತಾರಾ?"

"ಇಪ್ಪತ್ತೆರಡು ಯೂನಿಟ್ಟಷ್ಟು."

"ಅಷ್ಟು ನನ್ನ ಸ್ನಾನಕ್ಕೆ ಕೊಟ್ಟಿದ್ರೆ ಸಾಕಾಗ್ತಿತ್ತು," ಅಂದವಳೇ ಎದ್ದು ಹೋಗಿ ಎಲ್ಲ ಸ್ವಿಚ್ಚು ಒತ್ತಿದಳು. ಒಂದೊಂದನ್ನೂ ಒಂದೊಂದು ಹಳೇ ಸೇಡು ತೀರಿಸುವ ಹಾಗೆ ಒತ್ತಿದಳು.

"ಮಗಳಿಗೆ ಮಾತ್ರ ಏನೂ ಹೇಳ್ಬೇಡ," ಸ್ವಿಚ್ಚಪ್ಪ ಅವಳ ಹಿಂದೆಯೇ ಹೋದ. ಮಗಳು ಕಾಲೇಜಿಗೆ ಬೇಕಾದ ವೈದ್ಯರ ಪತ್ರ, ಬಿಳೀ ಕೋಟು ತರಲು ಬೆಳಿಗ್ಗೆಯೇ ಹೋಗಿದ್ದಳು. "ಸುಮ್ನೆ ಹಣ ಬಂತಾ, ಹೋಯ್ತಾ ಅಂತ ಯೋಚ್ನೆ ಮಾಡ್ತಾಳೆ. ಸೋಮವಾರ ಸೇರೋ ಮಗು."

ಮನೆಯೆಲ್ಲ ಝಗಮಗ ಅಂದಿತು. ಅರ್ಧ ಗಂಟೆಯ ಮೇಲೆ ಮೀಟರು ನೋಡಿದರೆ ಮಿಸುಕಿರಲೇ ಇಲ್ಲ. ಕಮ್ಮಿ ಕುಡಿಯುವ ದೀಪ, ಕಮ್ಮಿ ತಿನ್ನುವ ಫ್ಯಾನು ಎಂದು ಆರಿಸಿ ಆರಿಸಿ ತಂದಿದ್ದ ಮನೆಯದು. ಅವನು ಪ್ಯಾನೆಲ್ ಕೂರಿಸಿದ ಫಿಟ್ಟರಿಗೆ ಫೋನು ಮಾಡಿದ.

"ನಿಮ್ಮನೆ ದೀಪಾನಾ ಸರ್?" ಫಿಟ್ಟರ್ ನಕ್ಕ. "ಅವೆಲ್ಲ ಸೇರಿ ಸಂಜೆವರೆಗೆ ಉರಿದ್ರೂ ಎರಡು ಯೂನಿಟ್ ದಾಟಲ್ಲ. ಬಿಸಿ ಮಾಡೋ ಸಾಮಾನು ಬೇಕು. ಇಸ್ತ್ರಿಪೆಟ್ಟಿಗೆ, ಹೀಟರು, ಒಲೆ, ಅಂಥವು. ಆಮೇಲೆ ಇನ್ನೊಂದು, ಮುಖ್ಯವಾದ್ದು. ಮೆಟ್ಟಿಲ ಹತ್ರ ಕೆಂಪು ಹಿಡಿ ಇದೆಯಲ್ಲ, ಅದನ್ನ ಕೆಳಗೆ ಎಳೆದಿಡಿ. ಅದು ಮೇಲಿದ್ರೆ ಮನೆ ಮೊದಲು ಬಿಸಿಲಿನ ಕರೆಂಟನ್ನೇ ತಿನ್ನುತ್ತೆ. ಸರ್ಕಾರದ ಮೀಟರಿಗೆ ಹಸಿವೇ ಆಗಲ್ಲ. ಮೀಟರ್ ಓಡ್ಬೇಕಲ್ವಾ?"

ಸ್ವಿಚ್ಚಪ್ಪ ಹೋಗಿ ಕೆಂಪು ಹಿಡಿಯನ್ನು ಎರಡೂ ಕೈಯಿಂದ ಕೆಳಗೆ ಎಳೆದ. ಅವನ ಆಯುಷ್ಯದಲ್ಲಿ ಆರಿಸಲು ಉಳಿದಿದ್ದುದು ಸೂರ್ಯನೊಬ್ಬನೇ, ಅದೂ ಆಯಿತು.

ಹೆಂಡತಿ ಗೋಡೆಯಾಚೆಯ ಕೇಕಮ್ಮನಿಗೆ ಒಂದು ಮಾತು ಹೇಳಿದ್ದೇ ಸಾಕಾಯಿತು. ಮನೆಯಲ್ಲೇ ಕೇಕು ಮಾಡಿ ಮಾರುವ ಆಕೆಯ ಬಾಯಿಗೆ ಬಿದ್ದ ಸುದ್ದಿ ಕಾಲು ಗಂಟೆಯಲ್ಲಿ ಉಬ್ಬಿ ಬೀದಿ ತುಂಬುತ್ತಿತ್ತು. ಮೊದಲು ಬಂದವನು ಬೀದಿಯ ತುದಿಯ ಇಸ್ತ್ರಿಯವನು, ಎರಡು ಇಸ್ತ್ರಿಪೆಟ್ಟಿಗೆ ಮತ್ತು ಮೂರು ದೊಡ್ಡ ಗಂಟುಗಳೊಂದಿಗೆ.

"ಅಣ್ಣಾ, ನಿಮಗೆ ಕಷ್ಟ ಅಂತ ಕೇಳ್ದೆ. ಇಂಥಾ ಹೊತ್ತಲ್ಲಿ ಬಿಟ್ಟುಬಿಡ್ತೀನಾ?"

"ಗಂಟು ಯಾರದ್ದಪ್ಪ?"

"ಹೋಟೆಲಿನ ಹಾಸಿಗೆ ಬಟ್ಟೆ. ವಾರದಿಂದ ಬಾಕಿ. ನಿಮಗೋಸ್ಕರ ಇವತ್ತೇ ತಂದೆ."

ಹಿಂದೆಯೇ ಕೇಕಮ್ಮ, ಗಂಡನ ತಲೆಯ ಮೇಲೆ ಒಂದು ಓವನ್ ಹೊರಿಸಿಕೊಂಡು ಬಂದಳು. "ಅಣ್ಣನ ಕಷ್ಟಕ್ಕೆ ಆಗದ ಓವನ್ ಇದ್ದೇನು ಪ್ರಯೋಜನ? ನಾಳೆ ಒಂದು ಮದುವೆಗೆ ನಲವತ್ತು ಕೇಕು ಕೊಡ್ಬೇಕು. ಎಲ್ಲಾ ಇಲ್ಲೇ ಮಾಡ್ಬಿಡ್ತೀನಿ." ಇನ್ನೊಬ್ಬರು ಒದ್ದೆ ಹಾಸಿಗೆ ಮತ್ತು ಕೂದಲು ಒಣಗಿಸುವ ಯಂತ್ರ ತಂದರು, ಹಾಸಿಗೆ ಯಾಕೆ ಒದ್ದೆಯಾಯಿತೆಂದು ಯಾರೂ ಕೇಳಲಿಲ್ಲ. ಮೂಲೆ ಮನೆಯ ಹೆಂಗಸು ಮೀನಿನ ತೊಟ್ಟಿಯನ್ನೇ ಎತ್ತಿಕೊಂಡು ಬಂದು, "ಇದಕ್ಕೂ ಸಣ್ಣ ಹೀಟರ್ ಇದೆ, ಸ್ವಲ್ಪ ಆದ್ರೂ ಆಗುತ್ತೆ" ಅಂದಳು. ಅವನ ಮನೆಯ ಕರೆಂಟನ್ನು ಬಳಸಿ ಉಪಕಾರ ಮಾಡಲು ಇಷ್ಟು ಜನ ಇದ್ದಾರೆಂದು ಸ್ವಿಚ್ಚಪ್ಪನಿಗೆ ಆ ದಿನದವರೆಗೆ ತಿಳಿದಿರಲಿಲ್ಲ. ಹೋದ ವರ್ಷ ಅವನ ಕಾಲು ಮುರಿದಾಗ ಇವರಲ್ಲಿ ಒಬ್ಬರೂ ಹೊಸಲು ದಾಟಿರಲಿಲ್ಲ.

ಕೊನೆಗೆ ಬಂದವರು ನಿವೃತ್ತ ಹೆಡ್ ಮೇಷ್ಟ್ರು. ಅವರ ಕೈಯಲ್ಲಿ ಒರಗುಕುರ್ಚಿ, ಕಂಕುಳಲ್ಲಿ ನೋಟ್‌ಬುಕ್ಕು, ಕಿವಿಯ ಮೇಲೆ ಪೆನ್ಸಿಲ್ಲು.

"ಅಳತೆ ಇಲ್ಲದ ಕೆಲಸ ಕೆಲಸವಲ್ಲ," ಅಂದರು. "ಮೀಟರಿನ ಹತ್ರ ನಾನು ಕೂರ್ತೀನಿ. ಅರ್ಧ ಗಂಟೆಗೊಮ್ಮೆ ಬರೀತೀನಿ. ನೀವು ಉರಿಸಿ."

ಮೀಟರು ಇದ್ದದ್ದು ಮನೆಯ ಹಿಂದಿನ ಓಣಿಯಲ್ಲಿ, ತಂಪು ನೆರಳಲ್ಲಿ. ಆ ಬೀದಿಯಲ್ಲಿ ಆ ದಿನ ತಂಪಾಗಿದ್ದ ಜಾಗ ಅದೊಂದೇ.

ಕೆಲಸ ಶುರುವಾಯಿತು. ಇಸ್ತ್ರಿಯವನು ನಡುಮನೆಯ ಮೇಜನ್ನು ಹಿಡಿದ; ಅವನ ತಮ್ಮ ಎರಡನೇ ಪೆಟ್ಟಿಗೆಯೊಂದಿಗೆ ಮಂಚವನ್ನು. ಕೇಕಮ್ಮ ಅಡುಗೆಮನೆಗೆ ನುಗ್ಗಿ ಸ್ವಿಚ್ಚಪ್ಪನ ಹೆಂಡತಿಯನ್ನು ಅವಳದೇ ಅಡುಗೆಮನೆಯ ಬಾಗಿಲಿಗೆ ದೂಡಿದಳು. ಗೋಡೆಯ ಪ್ಲಗ್ಗೊಂದು ಸಡಿಲವಾಗಿ ಪದೇ ಪದೇ ಕಳಚುತ್ತಿತ್ತು. ಅದನ್ನು ಪೊರಕೆಯ ಹಿಡಿಯಿಂದ ಒತ್ತಿ ಹಿಡಿದು ನಿಲ್ಲುವ ಕೆಲಸ ಯಜಮಾನನ ಪಾಲಿಗೆ ಬಂತು. ಮನೆ ಕಮ್ಮಾರನ ಕುಲುಮೆಯ ಹಾಗೆ ಕಾಯಿತು. ಗೋಡೆಯ ಕ್ಯಾಲೆಂಡರು ಸುರುಳಿ ಸುತ್ತಿಕೊಂಡಿತು. ತೊಟ್ಟಿಯ ಮೀನುಗಳು ಒಂದೇ ಕಡೆ ಗುಂಪುಗೂಡಿ ಸ್ವಿಚ್ಚಪ್ಪನನ್ನು ದಿಟ್ಟಿಸಿದವು.

ಹನ್ನೊಂದೂವರೆಗೆ ಕೇಕಮ್ಮ ಯಾರಿಗೂ ಹೇಳದೆ ಎರಡನೇ ಓವನ್ ತಂದು ಚುಚ್ಚಿದಳು. ಢಬ್ ಎಂದಿತು. ಮನೆ ಸತ್ತುಹೋಯಿತು.

"ನಾನಲ್ಲ!" ಅಂದಳು ಕೇಕಮ್ಮ, ಕೈಯಲ್ಲಿ ಪ್ಲಗ್ಗು ಹಿಡಿದುಕೊಂಡೇ.

ಫಿಟ್ಟರ್ ಬರುವಷ್ಟರಲ್ಲಿ ಇಪ್ಪತ್ತೈದು ನಿಮಿಷ ಹೋಯಿತು. ಆ ಇಪ್ಪತ್ತೈದು ನಿಮಿಷ, ಹೊರಗೆ ಬಿಸಿಲು ಮಹಾರಾಜನ ದಾನದ ಹಾಗೆ ಸುರಿಯುತ್ತಿದ್ದಾಗ, ತಲೆಯ ಮೇಲೆ ಅಷ್ಟು ಬೆಲೆಯ ಪ್ಯಾನೆಲ್ ಹೊತ್ತ ಮನೆಯೊಳಗೆ ಸ್ವಿಚ್ಚಪ್ಪ ಸರ್ಕಾರದ ಕರೆಂಟಿಗಾಗಿ ಒದ್ದಾಡಿದ. ಫಿಟ್ಟರ್ ಬಂದು ದಪ್ಪ ತಂತಿ ಹಾಕಿ, "ಇನ್ನು ಹೋದ್ರೆ ಮನೇನೇ ಹೋಗ್ಬೇಕು, ಫ್ಯೂಸ್ ಹೋಗಲ್ಲ" ಎಂದು ಧೈರ್ಯ ಹೇಳಿ, ಕೂಲಿ ಇಸ್ಕೊಂಡು, ಕೇಕಿನ ಆಸೆಗೆ ಅಲ್ಲೇ ಉಳಿದ.

ಒಂದು ಗಂಟೆಗೆ ಸ್ವಿಚ್ಚಪ್ಪ ತಾನೇ ಓಡಿಹೋಗಿ ಮೀಟರಿನ ಮುಂದೆ ಮಂಡಿಯೂರಿ ನೋಡಿದ. ಬೆಳಗಿನಿಂದ ಹನ್ನೆರಡು ಯೂನಿಟ್ಟು. ಐನೂರ ತೊಂಬತ್ತು!

"ಅರ್ಧ ದಾಟಿತು!" ಎಂದು ಕೂಗಿದ. ಮನೆಯೊಳಗಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ಯಾರೋ ಅವನ ಬೆನ್ನು ಚಪ್ಪರಿಸಿದರು. ವರ್ಷವಿಡೀ ಉಳಿಸಿದಾಗ ಒಬ್ಬರೂ ಮೆಚ್ಚಿರಲಿಲ್ಲ.

ಮೇಷ್ಟ್ರು ತೃಪ್ತಿಯಿಂದ ಬರೆದುಕೊಂಡರು. ಕೇಕಮ್ಮ ಅವರಿಗೆ ಅಂಚು ಸೀದ ಕೇಕೊಂದನ್ನು ಇಡಿಯಾಗಿ ಕೊಟ್ಟಳು.

ಮಗಳು ಬಂದದ್ದು ಆಮೇಲೆ ಹತ್ತು ನಿಮಿಷಕ್ಕೆ. ಹೊಸಲಲ್ಲೇ ನಿಂತುಬಿಟ್ಟಳು. ನಡುಹಗಲಲ್ಲಿ ಎಲ್ಲ ದೀಪ ಉರಿಯುತ್ತಿದೆ. ನಡುಮನೆಯಲ್ಲಿ ಹೋಟೆಲಿನ ಹಾಸಿಗೆ ಬಟ್ಟೆಯ ಗುಡ್ಡ. ಅಪ್ಪ ಬೆವರಿನಲ್ಲಿ ತೊಯ್ದು, ಪೊರಕೆಯನ್ನು ಈಟಿಯಂತೆ ಗೋಡೆಗೆ ಒತ್ತಿ ನಿಂತಿದ್ದಾನೆ.

"ಅಪ್ಪಾ! ಏನಿದು?"

"ಏನಿಲ್ಲ ಕಂದ. ನೆರೆಹೊರೆಯವರಿಗೆ ಸ್ವಲ್ಪ ಸಹಾಯ."

"ಸಹಾಯ? ನೀವು? ಕರೆಂಟಲ್ಲಿ?"

ಇಸ್ತ್ರಿಯವನು ಬಾಯಿಗೆ ಬೀಗ ಹಾಕಿದವನಂತೆ ತುಟಿ ಕಚ್ಚಿ ನಕ್ಕ. ಕೇಕಮ್ಮ ಮೇಲೆ ನೋಡಿದಳು. ಮಗಳು ಒಬ್ಬೊಬ್ಬರ ಮುಖವನ್ನೂ ದುರುಗುಟ್ಟಿ ನೋಡಿದಳು.

"ಇವರೆಲ್ಲ ಸೇರ್ಕೊಂಡು ನಿಮ್ಮನ್ನ..."

"ಅದೆಲ್ಲ ನಿಂಗ್ಯಾಕೆ? ಬಿಸಿಲಲ್ಲಿ ಬಂದಿದ್ದೀಯ. ಮೇಲಿನ ಕೋಣೆಗೆ ಹೋಗಿ ಮಲಕ್ಕೋ. ಹೋಗು, ಹೋಗು."

ತಾಯಿ ಅವಳ ಚೀಲದಿಂದ ಹೊಸ ಬಿಳೀ ಕೋಟನ್ನು ಎಳೆದು ಇಸ್ತ್ರಿಯವನ ಮೇಜಿನ ಮೇಲಿಟ್ಟಳು. "ಹೇಗೂ ಕಾದಿದೆ, ಇದನ್ನೂ ಒಂದು ಕೈ ನೋಡಪ್ಪ. ಸೋಮವಾರ ಕಾಲೇಜಿಗೆ ಹಾಕ್ಕೊಂಡು ಹೋಗ್ಬೇಕು." ಸ್ವಿಚ್ಚಪ್ಪ ಪೊರಕೆಯನ್ನು ಇನ್ನಷ್ಟು ಬಲವಾಗಿ ಒತ್ತಿದ. ಮಗಳು ಮೆಟ್ಟಿಲ ಬಳಿ ಒಂದು ಗಳಿಗೆ ನಿಂತು, ತಿರುಗಿ ಅಪ್ಪನನ್ನು ನೋಡಿ, ಮೇಲೆ ಹೋದಳು.

ಮಧ್ಯಾಹ್ನ ತೆವಳಿತು. ಪ್ಲಗ್ಗು ಬಿಟ್ಟು ಅಲುಗಾಡುವಂತಿರಲಿಲ್ಲವಾದ್ದರಿಂದ ಸ್ವಿಚ್ಚಪ್ಪ ನಿಂತಲ್ಲಿಂದಲೇ ಹಿಂದಿನ ಕಿಟಕಿಗೆ ಮುಖ ಮಾಡಿ ಕೂಗುತ್ತಿದ್ದ.

"ಮೇಷ್ಟ್ರೇ, ಎಷ್ಟಾಯ್ತು?"

ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಗಂಟಲು ಸರಿಮಾಡಿಕೊಂಡ ದನಿ: "ಎರಡು ಗಂಟೆಗೆ... ಹದಿನೈದು!"

ಮೂರಕ್ಕೆ ಹದಿನೆಂಟು. ಮೂರೂವರೆಗೆ ಹತ್ತೊಂಬತ್ತೂವರೆ. ನಾಲ್ಕಕ್ಕೆ ಇಪ್ಪತ್ತೊಂದು. ಮೇಷ್ಟ್ರ ದನಿಯಲ್ಲಿ ಮಗ್ಗಿ ಒಪ್ಪಿಸುವ ನಿಶ್ಚಯವಿತ್ತು. ಒಂದೊಂದು ಅಂಕೆ ಬಂದಾಗಲೂ ಸ್ವಿಚ್ಚಪ್ಪನ ಎದೆಯ ಮೇಲಿನ ಕಲ್ಲು ಒಂದೊಂದು ಅಂಗುಲ ಸರಿಯಿತು. ಸೋಮವಾರ ಹತ್ತಕ್ಕೆ ಹಣ ಬರುತ್ತದೆ, ಹತ್ತೂವರೆಗೆ ತೆಗೆಯುತ್ತಾನೆ, ಹನ್ನೊಂದಕ್ಕೆ ಕಟ್ಟುತ್ತಾನೆ. ಯಾರಿಗೂ ಗೊತ್ತಾಗುವುದೇ ಇಲ್ಲ. ಇನ್ನು ಮುಂದೆ ಹೆಂಡತಿ ಸ್ನಾನ ಮುಗಿಸುವವರೆಗೂ ದೀಪ ಆರಿಸುವುದಿಲ್ಲ ಎಂದು ಮನಸ್ಸಿನಲ್ಲೇ ಆಣೆ ಮಾಡಿದ.

ನಾಲ್ಕೂ ಇಪ್ಪತ್ತಕ್ಕೆ ಓಣಿಯಿಂದ ಕೂಗು ಬಂತು: "ಇಪ್ಪತ್ತೆರಡು!"

"ಆರಿಸಿ!" ಎಂದು ಸ್ವಿಚ್ಚಪ್ಪ ಪೊರಕೆ ಎಸೆದ.

"ಅಣ್ಣಾ, ಇನ್ನೊಂದು ಸುತ್ತು ಕೇಕಿದೆ..."

"ಆರಿಸಿ ಅಂದ್ರೆ ಆರಿಸಿ!"

"ಇರ್ಲಿ ಬಿಡ್ರೀ," ಅಂದಳು ಹೆಂಡತಿ, "ಮೀಟರಿನವನು ಬರೋವರೆಗೆ ಉರೀಲಿ. ಒಂದೆರಡು ಹೆಚ್ಚಿದ್ರೆ ಒಳ್ಳೇದಲ್ವಾ?"

"ಯಾಕೆ ದಂಡ? ಆರುನೂರು ಅಂದ್ರೆ ಆರುನೂರು." ಹತ್ತೊಂಬತ್ತು ವರ್ಷ ಕೆ.ಜಿ. ಹೆಚ್ಚಾಗದಂತೆ, ಕಡಿಮೆಯಾಗದಂತೆ ತೂಗಿದ ಕೈ ಅದು. ಅವನು ಕೋಣೆಯಿಂದ ಕೋಣೆಗೆ ಓಡಿ, ಬೆಳಗಿನಿಂದ ತಡೆದಿಟ್ಟುಕೊಂಡಿದ್ದ ಹಸಿವೆಲ್ಲ ತೀರುವಂತೆ, ಟಪ್ ಟಪ್ ಟಪ್ ಎಂದು ಒಂದೊಂದನ್ನೇ ಆರಿಸಿದ. ಅಂಥ ಸುಖ ಅವನ ಮುಖದಲ್ಲಿ ಮದುವೆಯ ದಿನವೂ ಕಂಡಿರಲಿಲ್ಲವೆಂದು ಹೆಂಡತಿ ಆಮೇಲೆ ನೆನೆಸಿಕೊಂಡಳು.

ಐದಕ್ಕೆ ಹತ್ತು ನಿಮಿಷವಿದ್ದಾಗ ಮೀಟರಿನವನು ಬಂದ. ಕುತ್ತಿಗೆಗೆ ಯಂತ್ರ ತೂಗುಹಾಕಿಕೊಂಡಿದ್ದ, ಬೆಳಗಿನಿಂದ ನಡೆದು ನಡೆದು ಯಾರ ಸುಖದುಃಖವೂ ಬೇಡವಾಗಿದ್ದ ಮನುಷ್ಯ. ಇಡೀ ಬೀದಿ ಅವನ ಹಿಂದೆ ಓಣಿಗೆ ನುಗ್ಗಿತು. ಅವನು ಯಂತ್ರವನ್ನು ಮೀಟರಿಗೆ ಹಿಡಿದ. ಯಂತ್ರ ಕಿರ್ ಎಂದು ಚೀಟಿ ಉಗುಳಿತು.

"ಐನೂರ ತೊಂಬತ್ತೆರಡು."

"ಆರುನೂರು," ಸ್ವಿಚ್ಚಪ್ಪ ತಿದ್ದಿದ.

"ಐನೂರ ತೊಂಬತ್ತೆರಡು ಸರ್."

"ಇಲ್ಲಪ್ಪ, ಲೆಕ್ಕ ಇದೆ. ಮೇಷ್ಟ್ರೇ, ನೋಟ್‌ಬುಕ್ ತೋರಿಸಿ."

ಮೇಷ್ಟ್ರು ನೋಟ್‌ಬುಕ್ಕನ್ನು ಎದೆಗೆ ಅವುಚಿಕೊಂಡರು. ಸ್ವಿಚ್ಚಪ್ಪ ಕಿತ್ತುಕೊಂಡು ನೋಡಿದ. ಒಂದು ಗಂಟೆಯವರೆಗೆ ಅಂಕೆಗಳು ಸೊಟ್ಟಸೊಟ್ಟಾಗಿ ಏರಿದ್ದವು. ಅಲ್ಲಿಂದ ಮುಂದೆ ಸಾಲಿಗೆ ಒಂದೂವರೆ ಯೂನಿಟ್ಟು, ಒಂದೂವರೆ, ಒಂದೂವರೆ. ಮೆಟ್ಟಿಲು ಕಟ್ಟಿದ ಹಾಗೆ. ಮೂರೂವರೆಯ ಸಾಲಿನ ಮೇಲೆ ಕೇಕಿನ ತುಣುಕು, ಮತ್ತು ನಿದ್ದೆಯ ಜೊಲ್ಲಿನ ಒಂದು ದುಂಡನೆಯ ಗುರುತು.

"ಮೇಷ್ಟ್ರೇ!"

"ಸರಾಸರಿ ಹಾಕಿದೆ," ಮೇಷ್ಟ್ರು ನೆಲ ನೋಡಿದರು. "ಕೇಕ್ ತಿಂದ ಮೇಲೆ ಸ್ವಲ್ಪ ಕಣ್ಣು ಎಳೀತು. ಅಷ್ಟೂ ಸಾಮಾನು ಉರೀತಿತ್ತಲ್ಲ, ಅದೇ ಲೆಕ್ಕದಲ್ಲಿ ಹೋಗ್ಬೇಕಿತ್ತು. ನಲವತ್ತು ವರ್ಷ ಹಾಜರಿ ಪುಸ್ತಕ ಹೀಗೇ ತುಂಬಿಸಿದ್ದೀನಪ್ಪ, ಒಬ್ಬನೂ ಕೇಳಿರ್ಲಿಲ್ಲ."

"ಅವರ ಲೆಕ್ಕ ತಪ್ಪಲ್ಲ ಸರ್," ಫಿಟ್ಟರ್ ತಲೆ ಕೆರೆದುಕೊಂಡ. "ಅಷ್ಟು ಉರಿಸಿದ್ರೆ ಅಷ್ಟು ಓಡ್ಲೇಬೇಕು. ಒಂದು ಗಂಟೆಯಿಂದೀಚೆಗೆ ಬರೀ ಎರಡು ಓಡಿದೆ ಅಂದ್ರೆ..." ಅವನು ಮಾತು ನಿಲ್ಲಿಸಿ ಮನೆಯೊಳಗೆ ನಡೆದ. ಎಲ್ಲರೂ ಹಿಂದೆ ಹೋದರು.

ಮೆಟ್ಟಿಲ ಬಳಿಯ ಕೆಂಪು ಹಿಡಿ ಮೇಲಿತ್ತು.

ಒಂದು ಗಂಟೆಯಿಂದ ನಾಲ್ಕೂ ಇಪ್ಪತ್ತರವರೆಗೆ ಹೋಟೆಲಿನ ಹಾಸಿಗೆ ಬಟ್ಟೆಗಳಿಗೂ ಮದುವೆಯ ಕೇಕುಗಳಿಗೂ ಆ ಒದ್ದೆ ಹಾಸಿಗೆಗೂ ಕರೆಂಟು ಕೊಟ್ಟವನು ಸೂರ್ಯ. ಸರ್ಕಾರದ ಮೀಟರು ಓಣಿಯ ನೆರಳಲ್ಲಿ, ಮೇಷ್ಟ್ರ ಪಕ್ಕದಲ್ಲಿ, ಮೇಷ್ಟ್ರ ಹಾಗೆಯೇ ತೂಕಡಿಸಿತ್ತು.

"ಪ್ಯಾನೆಲ್ ಎಷ್ಟು ಚೆನ್ನಾಗಿ ಕೆಲಸ ಮಾಡಿದೆ ನೋಡಿ ಸರ್," ಫಿಟ್ಟರಿಗೆ ಹೆಮ್ಮೆ ತಡೆಯಲಾಗಲಿಲ್ಲ.

"ಯಾರು ಎತ್ತಿದ್ದು?" ಸ್ವಿಚ್ಚಪ್ಪನ ದನಿ ಬಾವಿಯೊಳಗಿಂದ ಬಂದ ಹಾಗಿತ್ತು. ಒಬ್ಬರ ಮುಖ ಒಬ್ಬರು ನೋಡಿದರು. ನಾನಲ್ಲ ಎಂದಳು ಕೇಕಮ್ಮ. ಈ ಸಲ ಅದು ನಿಜವಾಗಿತ್ತು.

"ಇನ್ನೂ ಐದು ನಿಮಿಷ ಇದೆ," ಸ್ವಿಚ್ಚಪ್ಪ ಮೀಟರಿನವನ ತೋಳು ಹಿಡಿದ. "ಎಂಟು ಯೂನಿಟ್ಟು ತಾನೇ ಅಪ್ಪಾ. ನೀನೇ ಒತ್ತಿಬಿಡು."

"ಯಂತ್ರ ಒತ್ತಿದ್ರೆ ಒತ್ತಿದ ಹಾಗೆ ಸರ್. ಮುಂದಿನ ವರ್ಷ ಅರ್ಜಿ ಹಾಕಿ." ಮೀಟರಿನವನು ಒಂದು ಕ್ಷಣ ಯೋಚಿಸಿದ. ಬೆಳಗಿನಿಂದ ಮೊದಲ ಬಾರಿಗೆ ಅವನ ಮುಖದಲ್ಲಿ ಮನುಷ್ಯತ್ವ ಸುಳಿಯಿತು. "ಆದ್ರೆ ಒಂದು ಮಾತು. ಮೇಲೆ ಪ್ಯಾನೆಲ್ ಇರೋವರೆಗೆ ನಿಮ್ಮ ಮೀಟರ್ ಆರುನೂರು ಮುಟ್ಟೋದಿಲ್ಲ. ಅದನ್ನ ಇಳಿಸಿ, ಒಂದು ವರ್ಷ ಧಾರಾಳವಾಗಿ ಉರಿಸಿ. ಆಮೇಲೆ ಪ್ಯಾನೆಲ್ ಕೂರಿಸೋಕೆ ಸಹಾಯಧನ ಕೇಳಿ. ಖಂಡಿತ ಸಿಗುತ್ತೆ."

ಜನ ಕರಗಿದರು. ಗೆದ್ದಿದ್ದರೆ ಚಹಾಕ್ಕೆ ಕೂರುತ್ತಿದ್ದವರು. ಕೇಕಮ್ಮ ಎರಡೂ ಓವನ್‌ಗಳನ್ನೂ ಬೆಂದ ಕೇಕುಗಳನ್ನೂ ಹೊರಿಸಿಕೊಂಡು ಹೋದಳು. ಮೂಲೆ ಮನೆಯ ಹೆಂಗಸು ಮೀನು ಎಣಿಸಿಕೊಂಡು ಹೋದಳು. ಮೇಷ್ಟ್ರು ಕುರ್ಚಿ ಮಡಿಸುತ್ತ, "ತತ್ತ್ವದ ಪ್ರಕಾರ ನಾವು ಇಪ್ಪತ್ತೆರಡು ಸುಟ್ಟೇ ಇದ್ದೀವಿ" ಎಂದು ಸಮಾಧಾನ ಹೇಳಿದರು. ಇಸ್ತ್ರಿಯವನು ಗಂಟು ಕಟ್ಟಿ, ಹೊರಡುವ ಮುನ್ನ ಬಿಳೀ ಕೋಟನ್ನು ಹ್ಯಾಂಗರಿಗೆ ಹಾಕಿ ಬಾಗಿಲಿಗೆ ತೂಗಿದ.

"ನೋಡಿ ಅಣ್ಣಾ, ಎಷ್ಟು ಗರಿಗರಿ! ಒಳಗೆ ಡಾಕ್ಟ್ರೇ ನಿಂತ ಹಾಗಿದೆ. ಇದಕ್ಕೆ ದುಡ್ಡು ತಗೊಳ್ಳಲ್ಲ. ಮಗೂಗೆ ನನ್ನ ಕಡೆಯಿಂದ."

ಮನೆ ಒಮ್ಮೆಲೇ ದೊಡ್ಡದಾಯಿತು. ಹೆಂಡತಿ ಅಡುಗೆಮನೆಯಲ್ಲಿ ಚೆಲ್ಲಿದ ಹಿಟ್ಟು ಗುಡಿಸುತ್ತಿದ್ದಳು. ಹೊರಗೆ ಬೆಳಕು ಇಳಿಯುತ್ತಿತ್ತು. ನಡುಮನೆಯ ದೀಪ ಹಾಕಿಕೊಂಡು ಸ್ವಿಚ್ಚಪ್ಪ ಕೋಟಿನ ಎದುರು ಕೂತಿದ್ದ. ತನ್ನ ವೃತ್ತಿಯಲ್ಲೊಮ್ಮೆಯೂ ಖಾಲಿ ಲಾರಿಯ ತೂಕ ಕಳೆಯಲು ಮರೆಯದವನು, ಒಂದು ಗಂಟೆಯ ಮೇಲೆ ಒಮ್ಮೆ, ಒಮ್ಮೆಯಾದರೂ, ಮೆಟ್ಟಿಲ ಕಡೆ ನೋಡಬಹುದಿತ್ತು.

ಮಗಳು ಮೇಲಿಂದ ಇಳಿದು ಬಂದಳು. ಚೆನ್ನಾಗಿ ನಿದ್ದೆ ಮಾಡಿದ ಮುಖ.

"ಎಲ್ಲಾ ತೊಲಗಿದ್ರಾ? ಅಪ್ಪಾ, ನಿಮ್ಮದು ಅತಿಯಾಯ್ತು. ಕೇಳಿದ್ರು ಅಂತ ಕೊಟ್ಟುಬಿಡೋದಾ? ಆ ಕೇಕಮ್ಮನಿಗೆ ಎರಡು ಓವನ್!" ಅವನ ಪಕ್ಕ ಕೂತು, ಗುಟ್ಟು ಹೇಳುವವಳಂತೆ ಭುಜಕ್ಕೆ ಭುಜ ತಾಗಿಸಿದಳು. "ಆದ್ರೆ ನೀವು ಹೆದರ್ಬೇಡಿ. ನಿಮ್ಮ ದುಡ್ಡು ಒಂದು ಪೈಸೆನೂ ಹೋಗಿಲ್ಲ."

ಸ್ವಿಚ್ಚಪ್ಪ ನಿಧಾನವಾಗಿ ಅವಳ ಕಡೆ ತಿರುಗಿದ.

"ನಾನು ಮೇಲೆ ಹೋಗೋವಾಗ ನೋಡ್ದೆ, ಕೆಂಪು ಹಿಡಿ ಕೆಳಗಿತ್ತು. ಯಾರೋ ಗಡಿಬಿಡೀಲಿ ತಾಗಿಸಿರ್ಬೇಕು. ಇಷ್ಟು ಬಿಸಿಲು ಸುಮ್ನೆ ದಂಡ ಆಗ್ತಿದೆ, ನಮ್ಮಪ್ಪ ಬೆವರು ಸುರಿಸಿ ಊರಿಗೆಲ್ಲ ಕರೆಂಟು ಹಂಚ್ತಿದ್ದಾರೆ! ಸುಮ್ನೆ ಮೇಲೆತ್ತಿಬಿಟ್ಟೆ. ಅವರಿಗೆ ಕೊಟ್ಟಿದ್ದೆಲ್ಲ ಬಿಸಿಲು. ಪುಗಸಟ್ಟೆ." ಅವಳು ಮೆಚ್ಚುಗೆಗೆ ಕಾದಳು. "ಹೇಗೆ? ಯಾರ ಮಗಳು ನಾನು?"

ಅವನ ಬಾಯಿ ತೆರೆಯಿತು. ಬೈಗುಳಕ್ಕೆ ತೆರೆದದ್ದೋ, ನಿಜ ಹೇಳಲಿಕ್ಕೋ, ಅವನಿಗೇ ಗೊತ್ತಿರಲಿಲ್ಲ. ಯಾಕೆ ಎತ್ತಿದೆ ಎಂದು ಕೇಳಿದರೆ ಯಾಕೆ ಇಳಿಸಿದ್ದಿರಿ ಎಂದು ಅವಳು ಕೇಳುತ್ತಾಳೆ. ಅದರ ಹಿಂದೆಯೇ ಉಳಿದದ್ದೆಲ್ಲ ಎಳೆದುಕೊಂಡು ಬರುತ್ತದೆ.

"ಒಳ್ಳೇ ಕೆಲಸ ಮಾಡ್ದೆ ಕಂದ," ಅಂದ.

ಅವಳು ಎದ್ದು ಹೋಗಿ ಬಾಗಿಲಲ್ಲಿ ತೂಗುತ್ತಿದ್ದ ಕೋಟನ್ನು ಇಳಿಸಿ, ಮೈಮೇಲೆ ಹಾಕಿಕೊಂಡು, ಗರಿಗರಿಯಾದ ತೋಳುಗಳನ್ನು ಚಾಚಿ, ಅಪ್ಪನ ಮುಂದೆ ಒಂದು ಸುತ್ತು ತಿರುಗಿದಳು.

"ಸೋಮವಾರ ಎಷ್ಟು ಗಂಟೆಗೆ ಹೊರಡೋಣ ಅಪ್ಪಾ? ಬ್ಯಾಂಕಿಗೆ ಹೋಗಿ ದುಡ್ಡು ತಗೊಂಡು ಹೋಗ್ಬೇಕಲ್ಲ?"

ಸ್ವಿಚ್ಚಪ್ಪ ಕೂತಲ್ಲಿಂದಲೇ ಕೈ ಚಾಚಿ ದೀಪ ಆರಿಸಿದ. ಅವನ ಮುಖ ಅವಳಿಗೆ ಕಾಣದಾಯಿತು.

"ಅಮ್ಮಾ, ನೋಡು!" ಮಗಳು ಕತ್ತಲಲ್ಲಿ ನಕ್ಕಳು. "ಆಗಲೇ ಶುರು ಮಾಡಿದ್ರು."